ಫಿಕ್ಸೆಡ್ ಬಡ್ಡಿಯ ಮನೆಸಾಲದಿಂದ ಅವಧಿಗೆ ಮುಂಚೆ ಹೊರಬರಲು ನಿಜವಾಗಿ ತಗಲುವ ಖರ್ಚು ಎಷ್ಟು?

ಮೋಕಾ ರಸ್ತೆಯ ಉಪನ್ಯಾಸಕ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. 2023ರ ಫೆಬ್ರುವರಿಯಲ್ಲಿ ಇಲ್ಲಿಯ ಮೋಕಾ ರಸ್ತೆಯ ಬಡಾವಣೆಯೊಂದರಲ್ಲಿ ಮನೆ ಕೊಳ್ಳುವಾಗ, ಒಂದು ಗೃಹಸಾಲ ಕಂಪನಿಯಿಂದ 28 ಲಕ್ಷ ರೂಪಾಯಿಯನ್ನು ಇಪ್ಪತ್ತು ವರ್ಷಗಳ ಅವಧಿಗೆ ಶೇ. 10.25ರ ಫಿಕ್ಸೆಡ್ ಬಡ್ಡಿಗೆ ಪಡೆದೆ. ಅದಕ್ಕೆ ಮುಂಚಿನ ಒಂಬತ್ತು ತಿಂಗಳಲ್ಲಿ ರಿಸರ್ವ್ ಬ್ಯಾಂಕಿನ ರೆಪೊ ದರ (ಅದು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ) ಶೇ. 4ರಿಂದ ಶೇ. 6.5ಕ್ಕೆ ಏರಿತ್ತು. ಕಾಲೇಜಿನ ಸಹೋದ್ಯೋಗಿಗಳು ಪ್ರತಿ ಸಲ ಬ್ಯಾಂಕಿನ ಸಂದೇಶ ಬಂದಾಗಲೂ ಮುಖ ಸಪ್ಪಗೆ ಮಾಡಿಕೊಳ್ಳುವುದನ್ನು ಕಂಡಿದ್ದ ನಾನು, ಅರ್ಧ ಶೇಕಡಾ ಹೆಚ್ಚಾದರೂ ಚಿಂತೆಯಿಲ್ಲ, ಕಂತು ಅಲುಗಾಡಬಾರದು ಎಂದು ಫಿಕ್ಸೆಡ್ ಆರಿಸಿಕೊಂಡೆ.

ಕಂತು ತಿಂಗಳಿಗೆ 27,486 ರೂಪಾಯಿ. ಇಲ್ಲಿಯವರೆಗೆ 36 ಕಂತುಗಳಲ್ಲಿ ಸುಮಾರು 9.9 ಲಕ್ಷ ಕಟ್ಟಿದ್ದೇನೆ. ಅಸಲು ಕರಗಿದ್ದು ಒಂದೂವರೆ ಲಕ್ಷ ಮಾತ್ರ, ಇನ್ನೂ 26.50 ಲಕ್ಷ ಬಾಕಿ ಇದೆ. ಈ ನಡುವೆ ರೆಪೊ ದರ 2025ರ ಫೆಬ್ರುವರಿಯಿಂದ ಇಳಿಯತೊಡಗಿ ಡಿಸೆಂಬರ್ ಹೊತ್ತಿಗೆ ಶೇ. 5.25ಕ್ಕೆ ಬಂತು. ಒಂದು ಬ್ಯಾಂಕು ನನ್ನ ಸಾಲವನ್ನು ಶೇ. 8ರ ಫ್ಲೋಟಿಂಗ್ (ಕಾಲಕಾಲಕ್ಕೆ ಏರಿಳಿಯುವ) ಬಡ್ಡಿಗೆ ಟೇಕ್‌ಓವರ್ ಮಾಡಿಕೊಳ್ಳಲು, ಅಂದರೆ ಹಳೆಯ ಸಾಲ ತೀರಿಸಿ ತನ್ನಲ್ಲಿಗೆ ವರ್ಗಾಯಿಸಿಕೊಳ್ಳಲು, ಸಿದ್ಧವಿದೆ. ಉಳಿದ 204 ತಿಂಗಳಿಗೆ ಹೊಸ ಕಂತು 23,804 ರೂಪಾಯಿ ಆಗುತ್ತದೆ, ಅಂದರೆ ತಿಂಗಳಿಗೆ 3,682 ರೂಪಾಯಿಯಂತೆ ಒಟ್ಟು ಏಳೂವರೆ ಲಕ್ಷ ಉಳಿತಾಯ ಎಂದು ಬ್ಯಾಂಕಿನ ಏಜೆಂಟರು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದಾರೆ. ಈಗಿನ ಕಂಪನಿಯವರು ಮಾತ್ರ, ಹೊರಹೋಗುವುದಾದರೆ ಬಾಕಿ ಅಸಲಿನ ಮೇಲೆ ಶೇ. 2 ಶುಲ್ಕ, ಅದರ ಮೇಲೆ ಶೇ. 18 ಜಿಎಸ್‌ಟಿ ಕಟ್ಟಬೇಕು ಎನ್ನುತ್ತಾರೆ. 53,000 ಮತ್ತು 9,540 ಸೇರಿ 62,540 ರೂಪಾಯಿ. ಸಾಲ ತೀರಿಸುವವನಿಗೇ ದಂಡವೇ ಎಂಬ ಸಿಟ್ಟು ಒಂದು ಕಡೆ. ಏಳೂವರೆ ಲಕ್ಷದ ಮುಂದೆ ಇದೆಷ್ಟು ಎಂಬ ಆಸೆ ಇನ್ನೊಂದು ಕಡೆ. ಅನುಭವ ಉಳ್ಳವರು ತಿಳಿಸಬೇಕು.

ತೋರಣಗಲ್ಲು ನೈಟ್ ಶಿಫ್ಟ್

ಗುರುಗಳೇ, ಆತುರ ಮಾಡಬೇಡಿ. ನಾನು 2021ರಲ್ಲಿ ಶೇ. 6.7ರ ಫ್ಲೋಟಿಂಗ್ ಬಡ್ಡಿಗೆ ಸಾಲ ಪಡೆದು, ಇಷ್ಟು ಅಗ್ಗದ ಹಣ ಇನ್ನೆಲ್ಲಿ ಸಿಗುತ್ತದೆ ಎಂದು ಬೀಗಿದವನು. ಎರಡು ವರ್ಷದೊಳಗೆ ಅದು ಶೇ. 9.2 ಆಯಿತು. ಬ್ಯಾಂಕಿನವರು ಕಂತನ್ನು ಹೆಚ್ಚಿಸದೆ ಅವಧಿಯನ್ನು ಮಾತ್ರ ಎಳೆದದ್ದರಿಂದ ನನಗೆ ಬಹಳ ದಿನ ಅದು ಗೊತ್ತೇ ಆಗಲಿಲ್ಲ. ಒಂದು ದಿನ ಲೆಕ್ಕಪತ್ರ ತೆಗೆಸಿ ನೋಡಿದಾಗ ನಿವೃತ್ತಿಯ ನಂತರವೂ ಕಂತುಗಳು ಇದ್ದವು. ಇಂದು ಶೇ. 8 ಎನ್ನುವ ಬ್ಯಾಂಕು ನಾಳೆಯೂ ಶೇ. 8ರಲ್ಲೇ ಇರುತ್ತದೆಂದು ಯಾರೂ ಬರೆದುಕೊಟ್ಟಿಲ್ಲ, ಆದ್ದರಿಂದ ಏಜೆಂಟರ ಹಾಳೆಯ ಏಳೂವರೆ ಲಕ್ಷವನ್ನು ಹದಿನೇಳು ವರ್ಷ ಮಳೆ ಒಂದೇ ಸಮನೆ ಬರುತ್ತದೆ ಎಂದು ನಂಬಿ ಬಿತ್ತಿದ ಬೆಳೆಯ ಲೆಕ್ಕ ಎಂದೇ ತಿಳಿಯಿರಿ.

ನಿವೃತ್ತ ಬ್ಯಾಂಕ್ ಅಧಿಕಾರಿ, ರಾಯಚೂರು

ಉಪನ್ಯಾಸಕರೇ, ಶುಲ್ಕ ನ್ಯಾಯವೋ ಅನ್ಯಾಯವೋ ಎಂಬುದನ್ನು ಸ್ವಲ್ಪ ಬದಿಗಿಡೋಣ. ನೀವು ಕೊಟ್ಟ ವಿವರಗಳಲ್ಲಿ ಮುಖ್ಯವಾದ ಒಂದು ವಿಷಯ ಕಾಣುತ್ತಿಲ್ಲ: ನಿಮ್ಮ ಕಾಗದದಲ್ಲಿ "ಫಿಕ್ಸೆಡ್" ಎಂಬ ಮಾತಿಗೆ ಏನು ಅರ್ಥ ಬರೆದಿದ್ದಾರೆ?

ಹಿನ್ನೆಲೆ ಹೇಳುತ್ತೇನೆ. ಫ್ಲೋಟಿಂಗ್ ಬಡ್ಡಿಯ ಮನೆಸಾಲವನ್ನು ವ್ಯಕ್ತಿಗಳು ಅವಧಿಗೆ ಮುಂಚೆ ತೀರಿಸಿದರೆ ಬ್ಯಾಂಕುಗಳು ಯಾವ ಶುಲ್ಕವನ್ನೂ ಪಡೆಯಬಾರದೆಂದು ರಿಸರ್ವ್ ಬ್ಯಾಂಕ್ 2012ರ ಜೂನ್‌ನಲ್ಲಿಯೇ ಆದೇಶಿಸಿತು. 2014ರಲ್ಲಿ ಅದನ್ನು ವ್ಯಕ್ತಿಗಳ ಎಲ್ಲ ಫ್ಲೋಟಿಂಗ್ ಅವಧಿ ಸಾಲಗಳಿಗೂ ವಿಸ್ತರಿಸಿತು. ಗೃಹಸಾಲ ಕಂಪನಿಗಳಿಗೆ ಅದಕ್ಕೂ ಮುಂಚೆ, 2010 ಮತ್ತು 2011ರಲ್ಲಿ, ಆಗ ಅವುಗಳ ನಿಯಂತ್ರಕವಾಗಿದ್ದ ನ್ಯಾಷನಲ್ ಹೌಸಿಂಗ್ ಬ್ಯಾಂಕ್ ಇಂಥದೇ ಸೂಚನೆ ಕೊಟ್ಟಿತ್ತು. ಫಿಕ್ಸೆಡ್ ಸಾಲಕ್ಕೆ ಈ ರಕ್ಷಣೆ ಪೂರ್ತಿಯಾಗಿ ಇಲ್ಲ. ಆದರೆ ಗೃಹಸಾಲ ಕಂಪನಿಯ ಫಿಕ್ಸೆಡ್ ಸಾಲವನ್ನು ಸಾಲಗಾರನು ತನ್ನ ಸ್ವಂತ ಮೂಲದ ಹಣದಿಂದ ತೀರಿಸಿದರೆ ಶುಲ್ಕ ಹಾಕುವಂತಿಲ್ಲ ಎಂಬ ನಿಯಮ ನಿಮ್ಮಂಥ ಹಳೆಯ ಸಾಲಗಳಿಗೆ ಇದೆ. ಸ್ವಂತ ಮೂಲವೆಂದರೆ ಬ್ಯಾಂಕು, ಗೃಹಸಾಲ ಕಂಪನಿ, ಇತರ ಹಣಕಾಸು ಕಂಪನಿ ಅಥವಾ ಹಣಕಾಸು ಸಂಸ್ಥೆಯಿಂದ ತಂದ ಸಾಲವಲ್ಲದ ಯಾವುದೇ ಹಣ. ಭಾವಮೈದುನ ಕೊಟ್ಟ ಕೈಗಡವೂ ಆ ಅರ್ಥದಲ್ಲಿ ಸ್ವಂತ ಮೂಲವೇ, ಬ್ಯಾಂಕಿನಲ್ಲಿ ಬಂಗಾರ ಅಡವಿಟ್ಟು ತಂದದ್ದು ಅಲ್ಲ. ನಿಮ್ಮದು ಟೇಕ್‌ಓವರ್ ಆಗಿರುವುದರಿಂದ ಈ ವಿನಾಯಿತಿ ಸಿಗುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಅದೇ ನಿಯಮಗಳ ಪ್ರಕಾರ ಫಿಕ್ಸೆಡ್ ಸಾಲವೆಂದರೆ ಇಡೀ ಅವಧಿಗೆ ಬಡ್ಡಿ ಸ್ಥಿರವಾಗಿರುವ ಸಾಲ. ಮೊದಲು ಕೆಲವು ವರ್ಷ ಸ್ಥಿರವಾಗಿದ್ದು ಆಮೇಲೆ ಫ್ಲೋಟಿಂಗ್‌ಗೆ ತಿರುಗುವ ಸಾಲಗಳನ್ನು ಮಿಶ್ರ ಬಡ್ಡಿಯ ಸಾಲವೆಂದು ಪರಿಗಣಿಸುತ್ತಾರೆ, ಅವು ಫ್ಲೋಟಿಂಗ್‌ಗೆ ತಿರುಗಿದ ಮೇಲೆ ಶುಲ್ಕವಿಲ್ಲದೆ ಹೊರಬರಬಹುದು. ನನ್ನ ಮೂವತ್ತು ವರ್ಷಗಳ ಸೇವೆಯಲ್ಲಿ, ಇಪ್ಪತ್ತು ವರ್ಷಕ್ಕೂ ಒಂದೇ ಬಡ್ಡಿ ಎಂದು ನಿಜವಾಗಿ ಬರೆದುಕೊಟ್ಟ ಮನೆಸಾಲಗಳನ್ನು ನಾನು ಕಂಡದ್ದು ಬಹಳ ಕಡಿಮೆ. ಮಂಜೂರಾತಿ ಪತ್ರವನ್ನೂ ಸಾಲದ ಒಪ್ಪಂದದ ಅನುಸೂಚಿಯನ್ನೂ ಓದಿ, ಬಡ್ಡಿಯ ಕಲಮನ್ನು ಇದ್ದಂತೆಯೇ ಇಲ್ಲಿ ಹಾಕಿ. ಆಮೇಲೆ ಲೆಕ್ಕ ಮಾಡೋಣ.

ಗಂಗಾವತಿಯ ಭತ್ತದವ

ಸ್ವಂತ ಮೂಲದ ವಿಷಯದಲ್ಲಿ ನನ್ನ ಅನುಭವ ಹೇಳುತ್ತೇನೆ. ಗೃಹಸಾಲ ಕಂಪನಿಯೊಂದರಲ್ಲಿ ನನ್ನ ಫಿಕ್ಸೆಡ್ ಸಾಲ 11 ಲಕ್ಷ ಬಾಕಿ ಇತ್ತು. ಊರಿನ ನಿವೇಶನವೊಂದನ್ನು ಮಾರಿ ತೀರಿಸಲು ಹೋದಾಗ ಕೌಂಟರಿನಲ್ಲಿದ್ದ ಹುಡುಗ ಶೇ. 3 ಶುಲ್ಕ ಎಂದ. ನಾನು ಕ್ರಯಪತ್ರದ ಪ್ರತಿಯನ್ನೂ ಹಣ ಜಮೆಯಾದ ಪಾಸ್‌ಬುಕ್ಕನ್ನೂ ಮುಂದಿಟ್ಟು ನಿಯಮ ಕೇಳಿದೆ. ಅವರು ಎರಡು ದಿನ ಬಿಟ್ಟು ಬರಲು ಹೇಳಿದರು. ಕೊನೆಗೆ 9 ಲಕ್ಷಕ್ಕೆ ಶುಲ್ಕ ಬಿಟ್ಟರು, ಆದರೆ ಉಳಿದ 2 ಲಕ್ಷವನ್ನು ನಾನು ಬಂಗಾರದ ಸಾಲದಿಂದ ಹೊಂದಿಸಿದ್ದು ಪಾಸ್‌ಬುಕ್ಕಿನಲ್ಲೇ ಕಾಣುತ್ತಿದ್ದರಿಂದ ಆ ಭಾಗಕ್ಕೆ 6,000 ರೂಪಾಯಿ ಶುಲ್ಕ ಮತ್ತು 1,080 ಜಿಎಸ್‌ಟಿ ಹಾಕಿದರು. ಮಿಲ್ಲಿನವರಿಂದ ಭತ್ತದ ಹಣ ಬರುವುದು ಇಪ್ಪತ್ತು ದಿನ ತಡವಾಗಿದ್ದರಿಂದ ಬಂಗಾರ ಇಟ್ಟಿದ್ದೆ. ಆ ಇಪ್ಪತ್ತು ದಿನ ಕಾದಿದ್ದರೆ 7,080 ರೂಪಾಯಿ ಉಳಿಯುತ್ತಿತ್ತು, ಆದರೆ 2 ಲಕ್ಷದ ಮೇಲಿನ ಇಪ್ಪತ್ತು ದಿನದ ಬಡ್ಡಿ ಸಾವಿರದ ಸುಮಾರು ಮಾತ್ರ ಆಗುತ್ತಿತ್ತು ಎಂಬುದು ನನಗೆ ಆಮೇಲೆ ಹೊಳೆಯಿತು.

ಶಕ್ತಿನಗರ ಕ್ವಾರ್ಟರ್ಸ್

ಗಂಗಾವತಿಯ ಅಣ್ಣಾವರು ಹೇಳಿದ ವಿನಾಯಿತಿ ಗೃಹಸಾಲ ಕಂಪನಿಗಳಿಗೆ ಸಂಬಂಧಿಸಿದ್ದು ಎಂಬುದನ್ನು ಓದುವವರು ಗಮನಿಸಬೇಕು. ನನ್ನ ಫಿಕ್ಸೆಡ್ ಸಾಲ ಒಂದು ಬ್ಯಾಂಕಿನದು; ಗ್ರಾಚ್ಯುಟಿ ಹಣದಿಂದಲೇ ತೀರಿಸಿದರೂ ಒಪ್ಪಂದದಂತೆ ಶೇ. 2 ಕೊಡಲೇಬೇಕೆಂದರು. ಬಾಕಿ 6.40 ಲಕ್ಷ ಇತ್ತು, ತೆರಿಗೆ ಸೇರಿ ಶುಲ್ಕ 15,104 ರೂಪಾಯಿ ಆಗುತ್ತಿತ್ತು.

ಆದರೆ ಅದೇ ಒಪ್ಪಂದದ ಇನ್ನೊಂದು ಸಾಲು ನನಗೆ ಅನುಕೂಲಕ್ಕೆ ಬಂತು. ಪ್ರತಿ ಹಣಕಾಸು ವರ್ಷದಲ್ಲಿ ಬಾಕಿ ಅಸಲಿನ ಶೇ. 25ರವರೆಗೆ ಶುಲ್ಕವಿಲ್ಲದೆ ಭಾಗಶಃ ಕಟ್ಟಬಹುದೆಂದು ಅದರಲ್ಲಿತ್ತು. ನಾನು ಮಾರ್ಚ್ ಕೊನೆಯ ವಾರದಲ್ಲಿ 1.60 ಲಕ್ಷ ಕಟ್ಟಿದೆ. ಹೊಸ ಹಣಕಾಸು ವರ್ಷ ಶುರುವಾದ ಮೇಲೆ, ಏಪ್ರಿಲ್ ಮೊದಲ ವಾರದಲ್ಲಿ, ಉಳಿದ 4.80 ಲಕ್ಷದ ಕಾಲು ಭಾಗವಾದ 1.20 ಲಕ್ಷ ಕಟ್ಟಿದೆ. ಮೇ ತಿಂಗಳಲ್ಲಿ ಖಾತೆ ಮುಚ್ಚುವಾಗ ಶುಲ್ಕ ಬಿದ್ದದ್ದು 3.60 ಲಕ್ಷದ ಮೇಲೆ ಮಾತ್ರ, ಒಟ್ಟು 8,496 ರೂಪಾಯಿ. ಇದನ್ನು ಎಲ್ಲರೂ ಕಣ್ಣುಮುಚ್ಚಿ ಮಾಡಬೇಡಿ. ಕೆಲವು ಒಪ್ಪಂದಗಳಲ್ಲಿ ಹಿಂದಿನ ಹನ್ನೆರಡು ತಿಂಗಳಲ್ಲಿ ಭಾಗಶಃ ಕಟ್ಟಿದ ಮೊತ್ತವನ್ನೂ ಸೇರಿಸಿಯೇ ಶುಲ್ಕ ಹಾಕುತ್ತಾರೆ; ನನ್ನ ಅಕ್ಕನ ಒಪ್ಪಂದದಲ್ಲಿ ಹಾಗೆಯೇ ಇತ್ತು, ಅವರಿಗೆ ಈ ದಾರಿ ಉಪಯೋಗಕ್ಕೆ ಬರಲಿಲ್ಲ.

ಮೋಕಾ ರಸ್ತೆಯ ಉಪನ್ಯಾಸಕ, ಬಳ್ಳಾರಿ

ಎಲ್ಲರಿಗೂ ಕೃತಜ್ಞತೆಗಳು. ಮಂಜೂರಾತಿ ಪತ್ರ ಮನೆಯಲ್ಲಿ ಇನ್ನೂ ಸಿಕ್ಕಿಲ್ಲ. ಬೀರುವಿನಲ್ಲಿ ನಾನಿಟ್ಟ ಕಾಗದಗಳೆಲ್ಲ ರೇಷ್ಮೆ ಸೀರೆಗಳ ಕೆಳಗೆ ಹೋಗಿ ಸೇರಿರುವುದರಿಂದ ಈ ಭಾನುವಾರದವರೆಗೆ ಸಮಯ ಬೇಕು.

ಅಷ್ಟರಲ್ಲಿ ಒಂದು ತಿದ್ದುಪಡಿ. ಟೇಕ್‌ಓವರ್ ಮಾಡುವ ಬ್ಯಾಂಕಿನಲ್ಲಿಯೂ ಖರ್ಚುಗಳಿವೆ ಎಂದು ನಿನ್ನೆ ಹೋಗಿ ವಿಚಾರಿಸಿದಾಗ ತಿಳಿಯಿತು: ಪ್ರೊಸೆಸಿಂಗ್ ಶುಲ್ಕ, ವಕೀಲರ ಅಭಿಪ್ರಾಯ, ಮನೆಯ ಮೌಲ್ಯಮಾಪನ, ಉಪನೋಂದಣಿ ಕಚೇರಿಯಲ್ಲಿ ಹಕ್ಕುಪತ್ರ ಠೇವಣಿಯ ಪತ್ರವನ್ನು ಹೊಸದಾಗಿ ನೋಂದಾಯಿಸುವ ಖರ್ಚು. ಅವರು ಕೊಟ್ಟ ಅಂದಾಜು 27,460 ರೂಪಾಯಿ. ಶುಲ್ಕದೊಂದಿಗೆ ಸೇರಿಸಿದರೆ ಹೊರಬರುವ ವೆಚ್ಚ ಸರಿಯಾಗಿ 90,000 ಆಗುತ್ತದೆ. ತಿಂಗಳಿಗೆ 3,682 ರೂಪಾಯಿ ಉಳಿಯುವುದಾದರೆ ಇದು ತೀರಲು ಇಪ್ಪತ್ತೈದು ತಿಂಗಳು ಬೇಕು ಎಂದು ನಾನು ಲೆಕ್ಕ ಹಾಕಿದ್ದೇನೆ. ಸರಿಯೇ?

ನಿವೃತ್ತ ಬ್ಯಾಂಕ್ ಅಧಿಕಾರಿ, ರಾಯಚೂರು

ಪೂರ್ತಿ ಸರಿಯಲ್ಲ; ಕಂತಿನ ವ್ಯತ್ಯಾಸವೇ ಉಳಿತಾಯವಲ್ಲ. ಈಗಿನ ದರದಲ್ಲಿ ನಿಮ್ಮ ಮುಂದಿನ ತಿಂಗಳ ಬಡ್ಡಿ 22,635 ರೂಪಾಯಿ. ಶೇ. 8ರಲ್ಲಿ ಅದು 17,667 ಆಗುತ್ತದೆ. ವ್ಯತ್ಯಾಸ 4,968 ರೂಪಾಯಿ, ಆದರೆ ನಿಮ್ಮ ಕೈಗೆ ಕಾಣುವುದು 3,682 ಮಾತ್ರ. ಉಳಿದ 1,286 ರೂಪಾಯಿ ಎಲ್ಲಿ ಹೋಯಿತೆಂದರೆ, ಹೊಸ ಸಾಲದಲ್ಲಿ ಅಸಲು ಬೇಗ ಕರಗುವುದಕ್ಕೆ ಹೋಯಿತು. ಆದ್ದರಿಂದ ತೊಂಬತ್ತು ಸಾವಿರ ತೀರಲು ಬೇಕಾದದ್ದು ಸುಮಾರು ಹದಿನೆಂಟು ತಿಂಗಳು.

ಇನ್ನೂ ಒಂದು ಮಾತು. ಕಡಿಮೆಯಾದ ಕಂತನ್ನು ಯಾಕೆ ಕಟ್ಟುತ್ತೀರಿ? ಈಗ ಕಟ್ಟುತ್ತಿರುವ 27,486 ರೂಪಾಯಿಯನ್ನೇ ಶೇ. 8ರ ಸಾಲಕ್ಕೆ ಕಟ್ಟುತ್ತ ಹೋದರೆ 204 ತಿಂಗಳ ಬದಲು 155 ತಿಂಗಳಿಗೆ ಸಾಲ ಮುಗಿಯುತ್ತದೆ. ಕುತೂಹಲಕ್ಕೆ ಇನ್ನೊಂದು ಲೆಕ್ಕವನ್ನೂ ಮಾಡಿದೆ: ಎಲ್ಲಿಗೂ ಹೋಗದೆ, ಈಗಿನ ಶೇ. 10.25ರ ಸಾಲಕ್ಕೇ ಇಂದು 3 ಲಕ್ಷ ಭಾಗಶಃ ಕಟ್ಟಿ ಅದೇ ಕಂತು ಮುಂದುವರಿಸಿದರೂ ಸರಿಸುಮಾರು ಅಷ್ಟೇ ತಿಂಗಳಿಗೆ ಮುಗಿಯುತ್ತದೆ. ಆ ಮೂರು ಲಕ್ಷ ನಿಮ್ಮ ಬಳಿ ಇದೆಯೋ ಇಲ್ಲವೋ ನನಗೆ ತಿಳಿಯದು. ಬಡ್ಡಿ ದರವೊಂದನ್ನೇ ನೋಡುವವರು ಈ ದಾರಿಯನ್ನು ಮರೆಯುತ್ತಾರೆ ಎಂದು ಹೇಳಿದೆ.

ಕೊಪ್ಪಳದ ಅಜ್ಜ

ನನ್ನ ಮಗಳು ಮತ್ತು ಅಳಿಯ ಕೆನಡಾದ ಟೊರಾಂಟೊದಲ್ಲಿದ್ದಾರೆ. ಕಳೆದ ವರ್ಷ ಮನೆ ಬದಲಿಸುವಾಗ ಅವರಿಗೂ ಇದೇ ಪ್ರಶ್ನೆ ಎದುರಾಯಿತು. ಅಲ್ಲಿ ಐದು ವರ್ಷಕ್ಕೆ ಬಡ್ಡಿ ಸ್ಥಿರಗೊಳಿಸುವುದು ರೂಢಿ. ಮಧ್ಯದಲ್ಲಿ ಹೊರಬಂದರೆ ಸಾಮಾನ್ಯವಾಗಿ ಎರಡು ಲೆಕ್ಕ ಮಾಡುತ್ತಾರೆ: ಮೂರು ತಿಂಗಳ ಬಡ್ಡಿ ಒಂದು, ಒಪ್ಪಂದದ ಬಡ್ಡಿಗೂ ಈಗಿನ ಬಡ್ಡಿಗೂ ಇರುವ ವ್ಯತ್ಯಾಸವನ್ನು ಉಳಿದ ಅವಧಿಗೆ ಗುಣಿಸಿದ್ದು ಇನ್ನೊಂದು, ಯಾವುದು ದೊಡ್ಡದೋ ಅದನ್ನು ವಸೂಲು ಮಾಡುತ್ತಾರೆ. ಉದಾಹರಣೆಗೆ 3 ಲಕ್ಷ ಡಾಲರ್ ಬಾಕಿ, ಬಡ್ಡಿ ಶೇ. 5.5, ಇನ್ನೂ ಎರಡು ವರ್ಷ ಉಳಿದಿದೆ, ಈಗಿನ ದರ ಶೇ. 4 ಎಂದಿಟ್ಟುಕೊಳ್ಳಿ. ಮೂರು ತಿಂಗಳ ಬಡ್ಡಿ 4,125 ಡಾಲರ್. ವ್ಯತ್ಯಾಸದ ಲೆಕ್ಕ ಸುಮಾರು 9,000 ಡಾಲರ್. ಒಂಬತ್ತು ಸಾವಿರವನ್ನೇ ಕಟ್ಟಬೇಕು. ಅದನ್ನು ಕೇಳಿದಾಗ ನಮ್ಮ ಶೇ. 2 ನನಗೆ ಸಣ್ಣದೆನಿಸಿತು.

ಅಳಿಯ ವಿವರಿಸಿದ್ದು ಹೀಗೆ. ಬ್ಯಾಂಕು ನಿಮಗೆ ಐದು ವರ್ಷ ಬಡ್ಡಿ ಏರಿಸುವುದಿಲ್ಲ ಎಂದು ಮಾತು ಕೊಡಬೇಕಾದರೆ ತಾನೂ ಐದು ವರ್ಷಕ್ಕೆ ನಿಗದಿತ ಬಡ್ಡಿಯ ಹಣವನ್ನು ಎಲ್ಲಿಂದಲೋ ತಂದಿರುತ್ತದೆ. ನೀವು ನಡುವೆ ಹಣ ಹಿಂದಿರುಗಿಸಿದರೆ ಅದನ್ನು ಕಡಿಮೆ ಬಡ್ಡಿಗೆ ಬೇರೆಯವರಿಗೆ ಕೊಡಬೇಕು, ತಾನು ಮಾತ್ರ ಹಳೆಯ ಹೆಚ್ಚಿನ ಬಡ್ಡಿಯನ್ನೇ ಕಟ್ಟುತ್ತಿರಬೇಕು. ಆ ನಷ್ಟವೇ ಈ ಶುಲ್ಕ. ಅಮೆರಿಕದಲ್ಲಿ ಮೂವತ್ತು ವರ್ಷದ ಫಿಕ್ಸೆಡ್ ಸಾಲವನ್ನೂ ಹೆಚ್ಚಿನವರು ಶುಲ್ಕವಿಲ್ಲದೆ ತೀರಿಸುತ್ತಾರಂತೆ. ಆದರೆ ಬೇಕಾದಾಗ ಬಿಟ್ಟುಹೋಗುವ ಆ ಅನುಕೂಲದ ಬೆಲೆಯನ್ನು ಮೊದಲೇ ಬಡ್ಡಿಯಲ್ಲಿ ಸೇರಿಸಿರುತ್ತಾರೆ ಎಂದೂ ಹೇಳಿದ.

ತೋರಣಗಲ್ಲು ನೈಟ್ ಶಿಫ್ಟ್

ಅಜ್ಜಾವರೇ, ನಿಮ್ಮ ಅಳಿಯಂದಿರ ಮಾತು ಒಪ್ಪತಕ್ಕದ್ದೇ. ಆದರೆ ಹಾಗಿದ್ದರೆ ನಮ್ಮಲ್ಲಿಯೂ ನಷ್ಟವನ್ನು ಲೆಕ್ಕ ಹಾಕಿಯೇ ಕೇಳಬೇಕಲ್ಲವೇ? ನಮ್ಮಲ್ಲಿ ಬಡ್ಡಿ ಏರಿದ್ದರೂ ಅದೇ ಶೇ. 2, ಇಳಿದಿದ್ದರೂ ಅದೇ ಶೇ. 2. ಬಡ್ಡಿ ಏರಿರುವಾಗ ಫಿಕ್ಸೆಡ್ ಸಾಲಗಾರ ಮನೆ ಮಾರಿ ಸಾಲ ತೀರಿಸಿದರೆ ಸಾಲ ಕೊಟ್ಟವರಿಗೆ ಲಾಭವೇ. ಹಳೆಯ ಅಗ್ಗದ ಸಾಲ ತೊಲಗಿ ಅದೇ ಹಣವನ್ನು ದುಬಾರಿ ಬಡ್ಡಿಗೆ ಕೊಡಬಹುದು. ಆಗಲೂ ಶುಲ್ಕ ಪಡೆಯುವುದನ್ನು ನಷ್ಟಪರಿಹಾರ ಎಂದು ಹೇಗೆ ಕರೆಯುವುದು? ನನಗೆ ಅದು ಬಾಗಿಲಲ್ಲಿ ನಿಂತು ವಸೂಲು ಮಾಡುವ ಸುಂಕದಂತೆ ಕಾಣುತ್ತದೆ.

ನಿವೃತ್ತ ಬ್ಯಾಂಕ್ ಅಧಿಕಾರಿ, ರಾಯಚೂರು

ಸುಂಕವೆಂದರೂ ತಪ್ಪಿಲ್ಲ. ನಾನು ಸೇವೆಯಲ್ಲಿದ್ದಾಗ ಈ ಶುಲ್ಕವನ್ನು ನಾವು ಸಮರ್ಥಿಸುತ್ತಿದ್ದದ್ದು ಕೊಪ್ಪಳದವರು ಹೇಳಿದ ಕಾರಣದಿಂದ, ವಸೂಲು ಮಾಡುತ್ತಿದ್ದದ್ದು ಗ್ರಾಹಕರು ಬೇರೆ ಬ್ಯಾಂಕಿಗೆ ಹೋಗದಿರಲಿ ಎಂಬ ಕಾರಣದಿಂದ. ಆದರೆ ಸರಳ ಶೇಕಡಾವಾರು ಶುಲ್ಕಕ್ಕೆ ಒಂದು ಗುಣವಿದೆ: ಸಾಲ ಪಡೆಯುವ ದಿನವೇ ಅದು ಎಷ್ಟೆಂದು ಗೊತ್ತಿರುತ್ತದೆ. ಬಡ್ಡಿ ಬಹಳ ಇಳಿದಾಗ ಸಾಲಗಾರನಿಗೆ ಇದೇ ಅನುಕೂಲ. ಉಪನ್ಯಾಸಕರಿಗೆ ಕೆನಡಾದ ಲೆಕ್ಕ ಹಾಕಿದ್ದರೆ, ಇನ್ನು ಎರಡು ವರ್ಷ ಮಾತ್ರ ಸ್ಥಿರ ಅವಧಿ ಉಳಿದಿದೆ ಎಂದುಕೊಂಡರೂ, ಶುಲ್ಕ ಒಂದು ಲಕ್ಷ ದಾಟುತ್ತಿತ್ತು.

ಕೌಲ್‌ಬಜಾರಿನ ಜೀನ್ಸ್ ಘಟಕ

ನನ್ನದು ಮನೆ ಅಡವಿಟ್ಟು ವ್ಯಾಪಾರಕ್ಕೆ ಪಡೆದ ಫಿಕ್ಸೆಡ್ ಸಾಲ. 2026ರ ಜನವರಿಯಿಂದ ಸಣ್ಣ ಉದ್ದಿಮೆಗಳಿಗೂ ಶುಲ್ಕವಿಲ್ಲ ಎಂದು ಕೇಳಿದ್ದೇನೆ. ನನಗೆ ಅನ್ವಯಿಸುತ್ತದೆಯೇ?

ನಿವೃತ್ತ ಬ್ಯಾಂಕ್ ಅಧಿಕಾರಿ, ರಾಯಚೂರು

ಇಲ್ಲ. 2025ರ ಜುಲೈನಲ್ಲಿ ಬಂದ ಆ ನಿರ್ದೇಶನಗಳು 2026ರ ಜನವರಿ 1ರಂದು ಅಥವಾ ಆಮೇಲೆ ಮಂಜೂರಾದ ಅಥವಾ ನವೀಕರಣಗೊಂಡ ಸಾಲಗಳಿಗೆ ಅನ್ವಯಿಸುತ್ತವೆ, ಮತ್ತು ಶುಲ್ಕದ ನಿಷೇಧ ಅಲ್ಲಿಯೂ ಫ್ಲೋಟಿಂಗ್ ಸಾಲಗಳಿಗೇ. ಫಿಕ್ಸೆಡ್ ಸಾಲಕ್ಕೆ ಶುಲ್ಕ ಪಡೆಯಬಹುದು. ಆದರೆ ಅದನ್ನು ಮಂಜೂರಾತಿ ಪತ್ರದಲ್ಲಿ, ಒಪ್ಪಂದದಲ್ಲಿ ಮತ್ತು ಪ್ರಮುಖ ಅಂಶಗಳ ಹೇಳಿಕೆಯಲ್ಲಿ (ಸಾಲದ ಮುಖ್ಯ ಷರತ್ತುಗಳನ್ನು ಒಂದೆಡೆ ಕೊಡುವ ಹಾಳೆ) ಮೊದಲೇ ತಿಳಿಸಿರಬೇಕು. ಹೊಸ ಸಾಲ ಪಡೆಯುವವರು ಆ ಹೇಳಿಕೆಯ ಹಾಳೆಯನ್ನು ಸಹಿಗೆ ಮುಂಚೆ ಕೇಳಿ ಪಡೆದುಕೊಳ್ಳಿ.

ಮೋಕಾ ರಸ್ತೆಯ ಉಪನ್ಯಾಸಕ, ಬಳ್ಳಾರಿ

ಕಾಗದ ಸಿಕ್ಕಿತು. ಓದಿ ನಾಚಿಕೆಯಾಯಿತು. ವಿದ್ಯಾರ್ಥಿಗಳಿಗೆ ಪ್ರಶ್ನೆಪತ್ರಿಕೆಯನ್ನು ಎರಡು ಸಲ ಓದಿ ಎಂದು ಹೇಳುವ ನಾನು ಇದನ್ನು ಒಂದು ಸಲವೂ ಓದಿರಲಿಲ್ಲ. ಬಡ್ಡಿಯ ಕಲಮಿನ ಸಾರ ಹೀಗಿದೆ: ಮೊದಲ 60 ತಿಂಗಳು ಬಡ್ಡಿ ಶೇ. 10.25ರಲ್ಲಿ ಸ್ಥಿರ, ಆಮೇಲೆ ಕಂಪನಿಯ ಆಗಿನ ಫ್ಲೋಟಿಂಗ್ ದರ. ಅಂದರೆ ಇಪ್ಪತ್ತು ವರ್ಷವೂ ಸ್ಥಿರವೆಂದು ನಾನು ನಂಬಿದ್ದು ನನ್ನ ಕಲ್ಪನೆ ಮಾತ್ರ. ಇನ್ನು 24 ತಿಂಗಳು ಸ್ಥಿರ ಅವಧಿ ಇದೆ. ಅದೇ ಪುಟದ ಕೆಳಗೆ, ಸ್ಥಿರ ಅವಧಿಯಲ್ಲಿ ಫ್ಲೋಟಿಂಗ್‌ಗೆ ಬದಲಾಯಿಸಿಕೊಳ್ಳಬೇಕಾದರೆ ಬಾಕಿ ಅಸಲಿನ ಶೇ. 0.5 ಪರಿವರ್ತನಾ ಶುಲ್ಕ ಎಂದೂ ಇದೆ. ಶಾಖೆಗೆ ಕರೆ ಮಾಡಿ ಕೇಳಿದಾಗ, ಇಂದು ಬದಲಾಯಿಸಿದರೆ ನನಗೆ ಸಿಗುವ ಫ್ಲೋಟಿಂಗ್ ದರ ಶೇ. 8.6 ಎಂದರು. ಮೊದಲ ದಿನವೇ ಹೊರಹೋಗುವ ಶುಲ್ಕ ಕೇಳಿದ್ದೆನಲ್ಲ, ಆಗ ಇದನ್ನು ಯಾರೂ ಹೇಳಲಿಲ್ಲ.

ನಿವೃತ್ತ ಬ್ಯಾಂಕ್ ಅಧಿಕಾರಿ, ರಾಯಚೂರು

ಕೇಳದೆ ಯಾರೂ ಹೇಳುವುದಿಲ್ಲ. ಈಗ ಲೆಕ್ಕದ ಮುಖವೇ ಬದಲಾಯಿತು, ನಿಧಾನವಾಗಿ ಓದಿ.

ಏಜೆಂಟರ ಏಳೂವರೆ ಲಕ್ಷ, ಮುಂದಿನ 204 ತಿಂಗಳೂ ನೀವು ಶೇ. 10.25 ಕಟ್ಟುತ್ತಿರುತ್ತೀರಿ ಎಂಬ ಊಹೆಯ ಮೇಲೆ ನಿಂತದ್ದು. ಆದರೆ 24 ತಿಂಗಳ ನಂತರ ನಿಮ್ಮ ಸಾಲ ತಾನಾಗಿಯೇ ಫ್ಲೋಟಿಂಗ್ ಆಗುತ್ತದೆ, ಆಗ ನೀವು ಶುಲ್ಕವಿಲ್ಲದೆ ಎಲ್ಲಿಗೆ ಬೇಕಾದರೂ ಹೋಗಬಹುದು. ಆದ್ದರಿಂದ ಇಂದು ಹೊರಬರುವುದರಿಂದ ಸಿಗುವ ಲಾಭವನ್ನು 24 ತಿಂಗಳಿಗೆ ಮಾತ್ರ ಅಳೆಯಬೇಕು.

ಎಲ್ಲ ದಾರಿಯಲ್ಲಿಯೂ ನೀವು ತಿಂಗಳಿಗೆ 27,486 ರೂಪಾಯಿಯನ್ನೇ ಕಟ್ಟುತ್ತೀರಿ ಎಂದಿಟ್ಟುಕೊಳ್ಳೋಣ. ಸುಮ್ಮನೆ ಇದ್ದರೆ 24 ತಿಂಗಳ ಕೊನೆಗೆ ಬಾಕಿ ಸುಮಾರು 25.21 ಲಕ್ಷ. ಶೇ. 8ಕ್ಕೆ ಟೇಕ್‌ಓವರ್ ಆದರೆ 23.95 ಲಕ್ಷ. ವ್ಯತ್ಯಾಸ ಸುಮಾರು 1.26 ಲಕ್ಷ, ನಿಮ್ಮ 90,000 ಕಳೆದರೆ ಕೈಗೆ ಉಳಿಯುವುದು 36 ಸಾವಿರ. ಏಳೂವರೆ ಲಕ್ಷ ಎಲ್ಲಿ, ಇದೆಲ್ಲಿ! ಈಗಿನ ಕಂಪನಿಯಲ್ಲಿಯೇ ಶೇ. 8.6ಕ್ಕೆ ಬದಲಾಯಿಸಿಕೊಂಡರೆ 24 ತಿಂಗಳ ಕೊನೆಗೆ ಬಾಕಿ 24.28 ಲಕ್ಷ, ಅಂದರೆ ಸುಮ್ಮನಿರುವುದಕ್ಕಿಂತ 93 ಸಾವಿರ ಕಡಿಮೆ. ಅದಕ್ಕೆ ಖರ್ಚು 13,250 ಮತ್ತು ಜಿಎಸ್‌ಟಿ 2,385, ಒಟ್ಟು 15,635 ರೂಪಾಯಿ. ನಿವ್ವಳ ಸುಮಾರು 77 ಸಾವಿರ. ಮೇಲ್ನೋಟಕ್ಕೆ ದುಬಾರಿಯಾದ ಶೇ. 8.6 ನಿಮಗೆ ಶೇ. 8ಕ್ಕಿಂತ ಲಾಭ ತರುತ್ತದೆ, ಮನೆಯ ಕಾಗದಗಳೂ ಇದ್ದಲ್ಲೇ ಇರುತ್ತವೆ.

ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಬ್ಯಾಂಕುಗಳ ಹೊಸ ಫ್ಲೋಟಿಂಗ್ ಮನೆಸಾಲಗಳು 2019ರ ಅಕ್ಟೋಬರ್‌ನಿಂದ ರೆಪೊದಂಥ ಹೊರಗಿನ ಮಾನದಂಡಕ್ಕೆ ಜೋಡಿಸಲ್ಪಟ್ಟಿವೆ, ಆದರೆ ಗೃಹಸಾಲ ಕಂಪನಿಗಳು ತಮ್ಮದೇ ಮೂಲ ದರವನ್ನು ಅನುಸರಿಸಬಹುದು. ರೆಪೊ ಇಳಿದರೂ ನಿಮ್ಮ ಶೇ. 8.6 ಅಷ್ಟೇ ಬೇಗ ಇಳಿಯುತ್ತದೆಂದು ನಂಬಬೇಡಿ. ಎರಡನೆಯದು ಇನ್ನೂ ಮುಖ್ಯ. ಹಳೆಯ ನಿಯಮದ ಮಾತು ಸ್ಥಿರ ಅವಧಿ ಮುಗಿದು ಫ್ಲೋಟಿಂಗ್ ಆದ ಸಾಲದ ಬಗ್ಗೆ ಇದೆ, ನೀವು ಶುಲ್ಕ ಕೊಟ್ಟು ಮೊದಲೇ ಬದಲಾಯಿಸಿಕೊಳ್ಳುತ್ತಿದ್ದೀರಿ. ಬದಲಾಯಿಸಿದ ದಿನದಿಂದಲೇ ಇದು ಫ್ಲೋಟಿಂಗ್ ಸಾಲ, ಮುಂದೆ ಟೇಕ್‌ಓವರ್ ಆದರೂ ಶುಲ್ಕವಿಲ್ಲ ಎಂದು 15,635 ರೂಪಾಯಿ ಕಟ್ಟುವುದಕ್ಕೆ ಮುಂಚೆ ಅವರಿಂದ ಬರಹದಲ್ಲಿ ಪಡೆಯಿರಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಸಿಂಧನೂರಿನ ಟೀಚರಮ್ಮ

ಟೇಕ್‌ಓವರ್ ಮಾಡಿಕೊಂಡವಳು ನಾನು. ಹಾಳೆಯಲ್ಲಿ ಕಾಣದ ಖರ್ಚೊಂದನ್ನು ಹೇಳುತ್ತೇನೆ. ಹೊಸ ಬ್ಯಾಂಕು ಡಿಡಿ ಬರೆದ ದಿನದಿಂದ ಅದರ ಬಡ್ಡಿ ಶುರುವಾಯಿತು. ಹಳೆಯವರು ಅದನ್ನು ಜಮೆ ಮಾಡಿಕೊಳ್ಳುವವರೆಗೆ ಹನ್ನೆರಡು ದಿನ ಅವರ ಬಡ್ಡಿಯೂ ಓಡಿತು. ಉಪನ್ಯಾಸಕರ ಬಾಕಿಗೆ ಶೇ. 10.25ರಂತೆ ದಿನಕ್ಕೆ 744 ರೂಪಾಯಿ, ಹನ್ನೆರಡು ದಿನಕ್ಕೆ 8,928 ರೂಪಾಯಿ ಆಗುತ್ತದೆ. ಬಾಕಿಯ ಪತ್ರದಲ್ಲಿ ಯಾವ ದಿನಾಂಕದವರೆಗಿನ ಮೊತ್ತ ಎಂಬುದನ್ನೂ ದಿನದ ಬಡ್ಡಿಯನ್ನೂ ಬರೆಸಿಕೊಳ್ಳಿ. ಕಡಿಮೆ ಮೊತ್ತದ ಡಿಡಿ ಹೋದರೆ ಖಾತೆ ಮುಚ್ಚುವುದೇ ಇಲ್ಲ.

ಕಾಗದಗಳ ವಿಷಯದಲ್ಲಿ 2023ರ ಡಿಸೆಂಬರ್ 1ರಿಂದ ಒಂದು ಒಳ್ಳೆಯ ನಿಯಮವಿದೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ದಾಖಲೆಗಳನ್ನು ಹಿಂದಿರುಗಿಸಬೇಕು, ಆಸ್ತಿಯ ಮೇಲಿನ ನೋಂದಾಯಿತ ಹಕ್ಕನ್ನು ತೆಗೆಸಬೇಕು. ತಮ್ಮ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ನನ್ನ ಕ್ರಯಪತ್ರ ಬೇರೆ ಊರಿನ ಗೋದಾಮಿನಲ್ಲಿದೆ ಎಂದು ಅಲೆದಾಡಿಸುತ್ತಿದ್ದವರು, ಈ ನಿಯಮವನ್ನು ಬರೆದು ಅರ್ಜಿ ಕೊಟ್ಟ ನಾಲ್ಕನೆಯ ದಿನ ತರಿಸಿಕೊಟ್ಟರು. ಆಮೇಲೆ ಋಣಭಾರ ಪ್ರಮಾಣಪತ್ರ ತೆಗೆಸಿ, ಹಳೆಯ ಸಾಲದ ನಮೂದು ತೀರಿದೆ ಎಂದು ಬಂದಿದೆಯೇ ನೋಡಿಕೊಳ್ಳಿ.

ಶಕ್ತಿನಗರ ಕ್ವಾರ್ಟರ್ಸ್

ಟೀಚರಮ್ಮನವರೇ, ಆ ಅರ್ಜಿಗೆ ಸ್ವೀಕೃತಿ ಪಡೆದಿದ್ದಿರಾ? ನನಗೆ ಖಾತೆ ಮುಚ್ಚಿ 22 ದಿನವಾಗಿದೆ.

ಸಿಂಧನೂರಿನ ಟೀಚರಮ್ಮ

ಹೌದು ಅಕ್ಕಾ. ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಂಡಿದ್ದೆ. ಇನ್ನು ಎಂಟು ದಿನ ಕಾಯಬೇಡಿ, ನಾಳೆಯೇ ಕೊಡಿ.

ಮೋಕಾ ರಸ್ತೆಯ ಉಪನ್ಯಾಸಕ, ಬಳ್ಳಾರಿ

ಇಲ್ಲಿಯವರೆಗಿನ ಬೆಳವಣಿಗೆ ತಿಳಿಸುತ್ತೇನೆ. ಶಾಖೆಗೆ ಲಿಖಿತವಾಗಿ ಕೇಳಿದೆ. ಮೊದಲ ಉತ್ತರದಲ್ಲಿ ಬಡ್ಡಿ ದರದ ವಿವರ ಮಾತ್ರ ಇತ್ತು, ಶುಲ್ಕದ ಪ್ರಶ್ನೆಗೆ ಉತ್ತರವಿರಲಿಲ್ಲ. ಎರಡನೆಯ ಸಲ ಅದೊಂದೇ ಪ್ರಶ್ನೆಯನ್ನು ಬರೆದು, ಕುಂದುಕೊರತೆ ಅಧಿಕಾರಿಯ ವಿಳಾಸವನ್ನೂ ಸೇರಿಸಿ ಕಳುಹಿಸಿದೆ. ಒಂಬತ್ತು ದಿನಗಳ ನಂತರ ಇಮೇಲ್ ಬಂತು: ಪರಿವರ್ತನೆಯ ದಿನದಿಂದ ಸಾಲವನ್ನು ಫ್ಲೋಟಿಂಗ್ ಎಂದು ಪರಿಗಣಿಸಲಾಗುವುದು, ಆ ನಂತರದ ಪೂರ್ತಿ ಅಥವಾ ಭಾಗಶಃ ಮರುಪಾವತಿಗೆ, ಹಣದ ಮೂಲ ಯಾವುದಾದರೂ, ಶುಲ್ಕವಿಲ್ಲ. ಅದನ್ನು ಮುದ್ರಿಸಿ ಮಂಜೂರಾತಿ ಪತ್ರದ ಜೊತೆ ಹೊಲಿದಿಟ್ಟಿದ್ದೇನೆ, ಈ ಸಲ ಸೀರೆಗಳ ಕೆಳಗಲ್ಲ.

ನಿನ್ನೆ 15,635 ರೂಪಾಯಿ ಕಟ್ಟಿದೆ. ಅವರು ಕಂತನ್ನು 24,760ಕ್ಕೆ ಇಳಿಸಲು ಹೊರಟಿದ್ದರು. ಕಂತು ಹಾಗೆಯೇ ಇರಲಿ, ಅವಧಿ ಇಳಿಸಿ ಎಂದು ಬರೆದುಕೊಟ್ಟೆ. ದರ ಹೀಗೆಯೇ ಇದ್ದರೆ 165 ಕಂತು. ಏಜೆಂಟರು ಇನ್ನೂ ಕರೆ ಮಾಡುತ್ತಿದ್ದಾರೆ. ಶೇ. 0.6ರ ವ್ಯತ್ಯಾಸಕ್ಕಾಗಿ 27,460 ಖರ್ಚು ಮಾಡಿದರೆ ಅದು ತೀರಲು ಇಪ್ಪತ್ತೊಂದು ತಿಂಗಳು ಬೇಕು, ಪ್ರೊಸೆಸಿಂಗ್ ಶುಲ್ಕ ಬಿಟ್ಟುಕೊಡುವುದಾದರೆ ಮಾತ್ರ ಬನ್ನಿ ಎಂದು ಅವರಿಗೆ ಹೇಳಿದ್ದೇನೆ.